ನೀರಿನ ಮೇಲ್ಮೈಯ ಮೀನು: ತರಗತಿಯ ತೊಟ್ಟಿಯಲ್ಲಿ ಕಿಲ್ಲಿ

ಮಳೆಗಾಲ ಮುಗಿದು ಏಣಿಲು ಪೈರು ಕೊಯ್ಲಿಗೆ ಬರುವ ಹೊತ್ತಿಗೆ ಮಂಗಳೂರಿನ ಹೊರವಲಯದಲ್ಲಿ ಇನ್ನೂ ಉಳಿದಿರುವ ಯಾವುದಾದರೊಂದು ಬೈಲು ಗದ್ದೆಯ ಕಡೆ ಹೋಗಿ. ಗದ್ದೆಯಂಚಿನ ತೋಡಿನ ಪಕ್ಕದಲ್ಲಿ ಸದ್ದು ಮಾಡದೆ ಕುಳಿತು ನೀರನ್ನು ಮೇಲಿನಿಂದ ನೋಡಿ. ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ನೀರಿನ ಮೇಲ್ಮೈಗೆ ಅಂಟಿದಂತೆ ಹತ್ತಾರು ಬೆಳ್ಳಿಯ ಚುಕ್ಕೆಗಳು ಕಾಣಿಸುತ್ತವೆ. ನಿಮ್ಮ ನೆರಳು ಬಿದ್ದೊಡನೆ ಚುಕ್ಕೆಗಳೆಲ್ಲ ಚದರಿ ಹುಲ್ಲಿನ ಬುಡಕ್ಕೆ ಓಡುತ್ತವೆ. ಒಂದೆರಡು ನಿಮಿಷದಲ್ಲಿ ಮತ್ತೆ ಬಂದು ಗುಂಪುಗೂಡುತ್ತವೆ.

ಆ ಒಂದೊಂದು ಚುಕ್ಕೆಯೂ ಒಂದೊಂದು ಮೀನಿನ ನೆತ್ತಿಯ ಮೇಲಿರುವ ಬೊಟ್ಟು. ಈ ಮೀನುಗಳಿಗೆ ಅಕ್ವೇರಿಯಂ ಪ್ರಿಯರು ‘ಕಿಲ್ಲಿ’ ಎನ್ನುತ್ತಾರೆ. ಅಂಗಡಿಯಲ್ಲಿ ‘ಗೋಲ್ಡನ್ ವಂಡರ್’ ಎಂಬ ಹೆಸರಿನಲ್ಲಿ ಮಾರುವ ಬಂಗಾರದ ಬಣ್ಣದ ಮೀನನ್ನು ನೀವು ನೋಡಿರಬಹುದು. ಅದು ಬೇರೆ ಯಾವ ಮೀನೂ ಅಲ್ಲ. ನಮ್ಮ ತೋಡು-ಕೆರೆಗಳಲ್ಲಿರುವ ಒಂದು ಕಿಲ್ಲಿಯನ್ನೇ ತೊಟ್ಟಿಯಲ್ಲಿ ತಲೆಮಾರುಗಟ್ಟಲೆ ಆರಿಸಿ ಬೆಳೆಸಿ ಪಡೆದ ಹಳದಿ ತಳಿ!

ಮನೆಯ ಹಿತ್ತಿಲಿನ ಈ ಮೀನನ್ನು ಶಾಲೆಯ ತೊಟ್ಟಿಯಲ್ಲಿ ಸಾಕಬಹುದೆ? ಖಂಡಿತ ಸಾಕಬಹುದು. ಆದರೆ ಮೊದಲು ಒಂದು ವಿಷಯವನ್ನು ಚೆನ್ನಾಗಿ ತಿಳಿದುಕೊಳ್ಳಬೇಕು: ಇದು ನೀರಿನ ಮೇಲ್ಮೈಯಲ್ಲಿ ಬಾಳುವ ಮೀನು. ಅದರ ಬಾಯಿ, ರೆಕ್ಕೆ, ಬೇಟೆ, ಗುಂಪು, ಉಸಿರಾಟ ಎಲ್ಲವೂ ಇದಕ್ಕೆ ಹೊಂದಿಕೊಂಡಿವೆ. ಸಾಕುವ ನಿಯಮಗಳೂ ಇದರಿಂದಲೇ ಹುಟ್ಟುತ್ತವೆ.

ಯಾರಿವು?

ಕಿಲ್ಲಿ ಎಂಬ ಪದಕ್ಕೂ ಕೊಲ್ಲುವುದಕ್ಕೂ ಸಂಬಂಧವಿಲ್ಲ. ಡಚ್ ಭಾಷೆಯಲ್ಲಿ ‘ಕಿಲ್’ ಎಂದರೆ ಚಿಕ್ಕ ಹೊಳೆ ಅಥವಾ ಕಾಲುವೆ. ಕಿಲ್ಲಿ ಎಂದರೆ ತೋಡಿನ ಮೀನು ಎಂದೇ ಅರ್ಥ ಮಾಡಿಕೊಳ್ಳಬಹುದು.

ನಮ್ಮ ದೇಶದ ಕಿಲ್ಲಿಗಳು ಅಪ್ಲೊಕೈಲಸ್ ಎಂಬ ಜಾತಿಗೆ ಸೇರಿವೆ. ಅವಕ್ಕೆ ‘ಪಂಚಾಕ್ಸ್’ ಎಂಬ ಹೆಸರೂ ಉಂಟು. ಈ ಹೆಸರನ್ನು ವಿಜ್ಞಾನಕ್ಕೆ ತಂದವನು ಕನ್ನಡಿಗರಿಗೆ ಪರಿಚಿತನಾದ ವ್ಯಕ್ತಿಯೇ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಸಂಚರಿಸಿ, ಮಂಗಳೂರನ್ನೂ ಕಂಡು, ಬೆಳೆ-ಮಣ್ಣು-ಜನಜೀವನದ ವಿವರಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ವೈದ್ಯನೂ ಜೀವವಿಜ್ಞಾನಿಯೂ ಆಗಿದ್ದ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಪಡೆದ ಆತ 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಬಂಗಾಳದ ಒಂದು ಕಿಲ್ಲಿಗೆ ಅಲ್ಲಿನ ಜನ ಕರೆಯುತ್ತಿದ್ದ ಹೆಸರನ್ನೇ ಉಳಿಸಿಕೊಂಡು ‘ಪಂಚಾಕ್ಸ್’ ಎಂದು ಕರೆದ.

ಪಶ್ಚಿಮ ಕರಾವಳಿಯಲ್ಲಿ ನಮಗೆ ಮುಖ್ಯವಾದವು ಎರಡು ಪ್ರಭೇದಗಳು.

ಮೊದಲನೆಯದು ಅಪ್ಲೊಕೈಲಸ್ ಲಿನಿಯೇಟಸ್. ಇದನ್ನು ನಾವು ‘ಗೆರೆ ಕಿಲ್ಲಿ’ ಎನ್ನೋಣ. 8ರಿಂದ 10 ಸೆಂ.ಮೀ. ಉದ್ದ ಬೆಳೆಯುತ್ತದೆ. ಗಂಡಿನ ಮೈಮೇಲೆ ಹೊಳೆಯುವ ಚುಕ್ಕೆಗಳ ಸಾಲುಗಳು, ಹೆಣ್ಣಿನ ಮೈಮೇಲೆ ಎದ್ದು ಕಾಣುವ ಅಡ್ಡಪಟ್ಟೆಗಳು. ಅಂಗಡಿಯ ಬಂಗಾರದ ತಳಿ ಇದರದೇ.

ಎರಡನೆಯದು ಅಪ್ಲೊಕೈಲಸ್ ಬ್ಲಾಕಿಯೈ. ಇದನ್ನು ‘ಕಿರುಕಿಲ್ಲಿ’ ಎನ್ನೋಣ. ಸಾಮಾನ್ಯವಾಗಿ 4–5 ಸೆಂ.ಮೀ. ದಾಟುವುದಿಲ್ಲ. ಮೈ ಹಸಿರು ಮಿಶ್ರಿತ ಹಳದಿ. ಗಂಡಿನಲ್ಲಿ ಹಸಿರು-ಹಳದಿ ಮತ್ತು ಕೆಂಪು ಚುಕ್ಕೆಗಳು ಸಾಲಾಗಿರುತ್ತವೆ. ಕರಾವಳಿಯ ಸಿಹಿನೀರಿನಲ್ಲೂ ತುಸು ಉಪ್ಪು ಬೆರೆತ ನೀರಿನಲ್ಲೂ ಬಾಳುತ್ತದೆ. 1911ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ ಅರ್ನಾಲ್ಡ್ ಜರ್ಮನಿಯ ಅಕ್ವೇರಿಯಂ ಹವ್ಯಾಸಿ. ತರಗತಿಯ ಚಿಕ್ಕ ತೊಟ್ಟಿಗೆ ಇದೇ ಸೂಕ್ತ. ಗೆರೆ ಕಿಲ್ಲಿ ತನ್ನ ಬಾಯಿಗೆ ಹಿಡಿಸುವ ಮೀನುಗಳನ್ನು ತಿಂದುಬಿಡುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಇಡಬಾರದು.

ಬಂಗಾಳದಲ್ಲಿ ಕಿಲ್ಲಿಗೆ ‘ಮೂರು ಕಣ್ಣಿನದು’ ಎಂಬ ಅರ್ಥದ ಹೆಸರಿದೆ. ಮಲಯಾಳದಲ್ಲಿ ‘ಮಾನತ್ತುಕಣ್ಣಿ’, ಅಂದರೆ ಆಕಾಶದತ್ತ ಕಣ್ಣಿಟ್ಟದ್ದು. ನಿಮ್ಮ ಊರಿನ ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತಿನಲ್ಲಿ ಏನೆನ್ನುತ್ತಾರೆ? ಗದ್ದೆ ಕೆಲಸ ಮಾಡಿದ ಹಿರಿಯರನ್ನು ಕೇಳಿ ಬರೆದಿಡಿ. ಮಕ್ಕಳಿಗೆ ಇದೇ ಒಂದು ಒಳ್ಳೆಯ ಚಟುವಟಿಕೆ.

ಮೈಕಟ್ಟು ಹೇಳುವ ಕಥೆ

ಕಿಲ್ಲಿಯನ್ನು ಪಕ್ಕದಿಂದ ನೋಡಿ. ಬೆನ್ನು ಹೆಚ್ಚುಕಡಿಮೆ ಚಪ್ಪಟೆ. ಬಾಯಿ ಮೇಲ್ಮುಖ. ಬೆನ್ನಿನ ಈಜುರೆಕ್ಕೆ ತೀರ ಹಿಂದೆ, ಬಾಲದ ಹತ್ತಿರ. ಕಣ್ಣು ದೊಡ್ಡದು. ಬೆನ್ನನ್ನು ನೀರಿನ ಮೇಲ್ಪದರಕ್ಕೆ ಒತ್ತಿಕೊಂಡು ನಿಂತು, ಬಿದ್ದ ಇರುವೆಯನ್ನು ಸರಕ್ಕನೆ ನುಂಗಲು ಇದಕ್ಕಿಂತ ಒಳ್ಳೆಯ ಮೈಕಟ್ಟು ಬೇಕಿಲ್ಲ.

ನೆತ್ತಿಯ ಬೆಳ್ಳಿ ಬೊಟ್ಟು ಇರುವುದು ಪೀನಿಯಲ್ ಅಂಗದ ಮೇಲ್ಗಡೆ. ಮೀನುಗಳಲ್ಲಿ ಈ ಅಂಗಕ್ಕೆ ಬೆಳಕನ್ನು ಗ್ರಹಿಸುವ ಕೋಶಗಳಿವೆ. ಹಗಲು-ರಾತ್ರಿಗಳಿಗೆ ತಕ್ಕಂತೆ ಅದು ಮೆಲಟೋನಿನ್ ಸ್ರವಿಸುತ್ತದೆ. ಬಂಗಾಳಿಗಳ ‘ಮೂರನೆಯ ಕಣ್ಣು’ ತೀರ ತಪ್ಪೇನಲ್ಲ.

ಭೌತವಿಜ್ಞಾನದ ಶಿಕ್ಷಕರಿಗೆ ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಕತ್ತಲೆಯಲ್ಲಿಯೂ ಗೆರೆ ಕಿಲ್ಲಿ ನೀರಿಗೆ ಬಿದ್ದು ಒದ್ದಾಡುವ ಕೀಟ ಎಲ್ಲಿದೆಯೆಂದು ಪತ್ತೆ ಮಾಡುತ್ತದೆ. ಹೇಗೆ? ಕೀಟ ಒದ್ದಾಡಿದಾಗ ಮೇಲ್ಮೈಯಲ್ಲಿ ಸಣ್ಣ ಅಲೆಗಳು ಏಳುತ್ತವೆ. ಮೀನಿನ ತಲೆಯ ಮೇಲಿರುವ ಪಾರ್ಶ್ವರೇಖಾ ವ್ಯವಸ್ಥೆಯ ಸಂವೇದನಾಂಗಗಳು ಆ ಅಲೆಗಳನ್ನು ಗ್ರಹಿಸುತ್ತವೆ. ದಿಕ್ಕು ಸರಿ, ದೂರ ತಿಳಿಯುವುದು ಹೇಗೆ? ಜರ್ಮನಿಯ ಹೋರ್ಸ್ಟ್ ಬ್ಲೆಕ್‌ಮನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸಿದರು. ನೀರಿನ ಮೇಲ್ಮೈಯಲ್ಲಿ ಎಲ್ಲ ಅಲೆಗಳೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ಸುಮಾರು 1.7 ಸೆಂ.ಮೀ. ಅಲೆಯುದ್ದದ ಅಲೆ ಎಲ್ಲಕ್ಕಿಂತ ನಿಧಾನ. ಅದರ ವೇಗ ಸೆಕೆಂಡಿಗೆ ಸುಮಾರು 23 ಸೆಂ.ಮೀ. ಅದಕ್ಕಿಂತ ಚಿಕ್ಕ ಅಲೆಗಳನ್ನು ನಡೆಸುವುದು ಮುಖ್ಯವಾಗಿ ಮೇಲ್ಮೈ ಎಳೆತ. ಅವು ಚಿಕ್ಕವಾದಷ್ಟೂ ವೇಗ ಹೆಚ್ಚು. ಹೀಗಾಗಿ ದೂರದಿಂದ ಬರುವ ಅಲೆಸಾಲಿನಲ್ಲಿ ಹೆಚ್ಚು ಆವೃತ್ತಿಯ ಅಲೆಗಳು ಮೊದಲು ಬರುತ್ತವೆ, ಕಡಿಮೆ ಆವೃತ್ತಿಯವು ಹಿಂದೆ ಬೀಳುತ್ತವೆ. ದೂರ ಹೆಚ್ಚಿದಂತೆ ಈ ಅಂತರವೂ ಹೆಚ್ಚುತ್ತದೆ. ಮೀನು ದೂರವನ್ನು ಅಂದಾಜು ಮಾಡಲು ಆವೃತ್ತಿಯ ಈ ಬದಲಾವಣೆಯನ್ನು ಬಳಸಿಕೊಳ್ಳುತ್ತದೆ.

ಇದರಿಂದ ಸಾಕಣೆಯ ಮೊದಲ ಪಾಠ: ಕಿಲ್ಲಿಯ ತೊಟ್ಟಿಯಲ್ಲಿ ನೀರಿನ ಮೇಲ್ಮೈ ಶಾಂತವಾಗಿರಬೇಕು. ಗುಳುಗುಳು ಗುಳ್ಳೆಯೆಬ್ಬಿಸುವ ದೊಡ್ಡ ಏರ್ ಪಂಪು ನಮಗೆ ಚೆಂದ ಕಾಣಬಹುದು. ಕಿಲ್ಲಿಗೆ ಅದು ಸದಾ ಗದ್ದಲ ಮಾಡುವ ತರಗತಿ ಇದ್ದ ಹಾಗೆ.

ಗುಂಪೇಕೆ?

ಬಂಗುಡೆ, ಬೂತಾಯಿ ಮೀನುಗಳು ಕಡಲಿನಲ್ಲಿ ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ, ಕವಾಯತು ಮಾಡಿದಂತೆ ಸಾಗುತ್ತವೆ. ಕಿರುಕಿಲ್ಲಿಗಳ ಗುಂಪು ಅಷ್ಟು ಬಿಗಿಯಲ್ಲ. ಅವು ಸಡಿಲವಾಗಿ ಹರಡಿಕೊಂಡು, ಒಂದನ್ನೊಂದು ಕಣ್ಣಳತೆಯಲ್ಲಿ ಇಟ್ಟುಕೊಂಡಿರುತ್ತವೆ. ಅಪಾಯ ಕಂಡಾಗ ಒತ್ತಾಗುತ್ತವೆ ಅಥವಾ ಚದರುತ್ತವೆ.

ಗುಂಪಿನಿಂದ ಲಾಭವೇನು? ಮಿಂಚುಳ್ಳಿ ಎರಗಿದಾಗ ಒಂಟಿ ಮೀನಾದರೆ ಅದೇ ಗುರಿ. ಹತ್ತರ ಗುಂಪಿನಲ್ಲಿ ಪ್ರತಿಯೊಂದಕ್ಕೂ ಅಪಾಯದ ಪಾಲು ಹತ್ತರಲ್ಲಿ ಒಂದು. ಹಲವು ಮೀನುಗಳು ಒಮ್ಮೆಲೇ ಅಡ್ಡಾದಿಡ್ಡಿ ಓಡಿದಾಗ ಬೇಟೆಗಾರನಿಗೆ ಒಂದರ ಮೇಲೆ ಗುರಿಯಿಡುವುದು ಕಷ್ಟ. ಇಪ್ಪತ್ತು ಕಣ್ಣುಗಳು ಎರಡು ಕಣ್ಣುಗಳಿಗಿಂತ ಬೇಗ ಅಪಾಯ ಕಾಣುತ್ತವೆ. ಆಹಾರಕ್ಕೆ ಪೈಪೋಟಿ ಹೆಚ್ಚುವುದು ಇದಕ್ಕೆ ತೆರಬೇಕಾದ ಬೆಲೆ.

ಆದ್ದರಿಂದ ಒಂದೆರಡು ಕಿರುಕಿಲ್ಲಿ ತಂದು ಬಿಡಬೇಡಿ. ಒಂಟಿ ಮೀನು ಮೂಲೆ ಹಿಡಿದು ಬೆದರಿಯೇ ಇರುತ್ತದೆ, ಬಣ್ಣವೂ ಮಂಕಾಗುತ್ತದೆ. ಎರಡು ಗಂಡುಗಳಷ್ಟೇ ಇದ್ದರೆ ಬಲಶಾಲಿ ಗಂಡು ಇನ್ನೊಂದನ್ನು ಅಟ್ಟಾಡಿಸುತ್ತದೆ. ಹತ್ತು-ಹನ್ನೆರಡು ಇದ್ದರೆ, ಒಂದು ಗಂಡಿಗೆ ಎರಡು ಹೆಣ್ಣಿನ ಲೆಕ್ಕದಲ್ಲಿ, ಜಗಳ ಹಂಚಿಹೋಗುತ್ತದೆ. ಗಂಡಿನ ಬೆನ್ನಿನ ಮತ್ತು ಗುದದ ಈಜುರೆಕ್ಕೆಗಳು ಉದ್ದ, ತುದಿ ಚೂಪು, ಬಣ್ಣ ಗಾಢ. ಹೆಣ್ಣಿನ ರೆಕ್ಕೆಗಳು ದುಂಡಗೆ. ಬೆನ್ನುರೆಕ್ಕೆಯ ಬುಡದಲ್ಲಿ ಸಾಮಾನ್ಯವಾಗಿ ಕಪ್ಪು ಮಚ್ಚೆ ಇರುತ್ತದೆ.

ತೊಟ್ಟಿ: ಎತ್ತರವಲ್ಲ, ಅಗಲ

ಈಗ ಒಂದು ಸರಳ ಲೆಕ್ಕ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿಯ ಗಾತ್ರ 54 ಲೀಟರ್. ಅದರ ನೀರಿನ ಮೇಲ್ಮೈ 1,800 ಚದರ ಸೆಂ.ಮೀ. ಅದೇ ತೊಟ್ಟಿಯನ್ನು ನೆಟ್ಟಗೆ ನಿಲ್ಲಿಸಿದರೆ ಗಾತ್ರ ಅಷ್ಟೇ, ಮೇಲ್ಮೈ ಮಾತ್ರ 900 ಚದರ ಸೆಂ.ಮೀ. ಮೇಲ್ಮೈಯಲ್ಲಿ ಬಾಳುವ ಮೀನಿಗೆ ಅರ್ಧ ಮನೆ ಹೋದಂತೆ. ಗಾಳಿಯ ಆಕ್ಸಿಜನ್ ನೀರಿಗೆ ಸೇರುವುದೂ ಮೇಲ್ಮೈಯಿಂದಲೇ. ಗೋಳಾಕಾರದ ಗಾಜಿನ ಪಾತ್ರೆಯನ್ನು ಕುತ್ತಿಗೆಯವರೆಗೆ ತುಂಬಿದರೆ ಮೇಲ್ಮೈ ಇನ್ನೂ ಕುಗ್ಗುತ್ತದೆ. ಅದು ಯಾವ ಮೀನಿಗೂ ಬೇಡ.

ನೀರನ್ನು 25 ಸೆಂ.ಮೀ. ಮಟ್ಟಕ್ಕೆ ನಿಲ್ಲಿಸಿ. ಆಗ 45 ಲೀಟರ್ ನೀರಾಗುತ್ತದೆ. ಅಂದರೆ ನೀರಿನ ತೂಕವೇ 45 ಕಿ.ಗ್ರಾಂ.; ಅಲುಗಾಡುವ ಬೆಂಚಿನ ಮೇಲೆ ಇಡಬೇಡಿ. ಮೇಲಿನ ಖಾಲಿ 5 ಸೆಂ.ಮೀ. ಜಾಗದ ಜೊತೆಗೆ ನೈಲಾನ್ ಬಲೆಯ ಮುಚ್ಚಳ ಅಗತ್ಯ. ಕಿಲ್ಲಿಗಳು ಚೆನ್ನಾಗಿ ನೆಗೆಯುತ್ತವೆ. ಮುಚ್ಚದ ತೊಟ್ಟಿಯಲ್ಲಿ ಕಿಲ್ಲಿ ಸಾಯುವುದು ರೋಗದಿಂದಲೇ ಆಗಬೇಕಿಲ್ಲ. ಸೋಮವಾರ ಬೆಳಿಗ್ಗೆ ನೆಲದ ಮೇಲೆ ಒಣಗಿ ಬಿದ್ದಿರುತ್ತವೆ.

ಹೈಡ್ರಿಲ, ವ್ಯಾಲಿಸ್ನೇರಿಯದಂತಹ ಜಲಸಸ್ಯಗಳನ್ನು ನೆಡಿ. ಮೇಲ್ಮೈಯ ಮೂರರಲ್ಲಿ ಒಂದು ಭಾಗವನ್ನು ತೇಲುವ ಅಂತರಗಂಗೆಗೆ ಬಿಡಿ, ಉಳಿದದ್ದು ಬಯಲಾಗಿರಲಿ. ತೇಲುವ ಗಿಡದ ಬೇರುಗಳು ಹೆದರಿದ ಮೀನಿಗೆ ಅಡಗುತಾಣ, ಮೊಟ್ಟೆಯಿಡಲು ಜಾಗ. ಮಂಗಳೂರಿನ ಹವೆಯಲ್ಲಿ ಹೀಟರ್ ಬೇಕಿಲ್ಲ. 24ರಿಂದ 30 ಡಿಗ್ರಿ ಸೆಲ್ಸಿಯಸ್ ಇವಕ್ಕೆ ಒಗ್ಗುತ್ತದೆ. ಕಿಟಕಿಯ ನೇರ ಬಿಸಿಲು ಮಾತ್ರ ಬೇಡ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಕ್ಸಿಜನ್ ಕಡಿಮೆ: 25 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 8.3 ಮಿ.ಗ್ರಾಂ., 30 ಡಿಗ್ರಿಯಲ್ಲಿ 7.6 ಮಿ.ಗ್ರಾಂ. ಮೇಲ್ಪದರದ ತೆಳು ನೀರಿನಲ್ಲಿ ಆಕ್ಸಿಜನ್ ಹೆಚ್ಚಿರುವುದರಿಂದ ಕಿಲ್ಲಿ ಇತರ ಮೀನುಗಳಿಗಿಂತ ಸುಲಭವಾಗಿ ಇದನ್ನು ನಿಭಾಯಿಸುತ್ತದೆ. ಮೀನುಗಳು ಕಡಿಮೆ, ಗಿಡ ಹೆಚ್ಚು ಇದ್ದರೆ ಕರೆಂಟು ಹೋದರೂ ಗಾಬರಿಯಿಲ್ಲ.

ಕೆಂಪುಕಲ್ಲಿನ ಬಾವಿ, ತುಂಬೆಯ ನಲ್ಲಿ

ಮಂಗಳೂರಿನಲ್ಲಿ ನೀರು ಎರಡು ಬಗೆ. ಕೆಂಪುಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ನೂರಾರು ಇಂಚು ಮಳೆ ಈ ನೆಲವನ್ನು ಯುಗಯುಗಗಳಿಂದ ತೊಳೆದು ಸುಣ್ಣದಂಶವನ್ನು ಒಯ್ದುಬಿಟ್ಟಿದೆ. ಕಿಲ್ಲಿಗೆ ಇದು ತವರಿನ ನೀರೇ. ನಗರದ ನಲ್ಲಿಯಲ್ಲಿ ಬರುವುದು ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಲ್ಲಿಸಿ ಶುದ್ಧೀಕರಿಸಿದ ನೇತ್ರಾವತಿಯ ನೀರು. ಅದರಲ್ಲಿರುವ ಕ್ಲೋರಿನ್ ನಮ್ಮ ರಕ್ಷಣೆಗೆ. ಮೀನಿನ ಕಿವಿರುಗಳಿಗೆ ಅದು ವಿಷ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು-ರಾತ್ರಿ ತೆರೆದಿಟ್ಟು ಬಳಸಿ. ಸೊಳ್ಳೆ ಮೊಟ್ಟೆಯಿಡದಂತೆ ತೆಳು ಬಟ್ಟೆ ಕಟ್ಟಿ.

ತೊಟ್ಟಿಯ ತಳಕ್ಕೆ ಏನು ಹಾಕುತ್ತೀರಿ? ಪಣಂಬೂರು, ತಣ್ಣೀರುಬಾವಿ ಕಡಲ ತೀರದ ಮರಳು, ಚೆಂದದ ಚಿಪ್ಪುಗಳು ಎಂದು ಮಕ್ಕಳು ಹೇಳಬಹುದು. ಅಲ್ಲೇ ಒಂದು ಪ್ರಯೋಗ ಮಾಡಿಸಿ. ಚಿಪ್ಪಿನ ಚೂರು, ಕಡಲ ಮರಳು, ಹೊಳೆಯ ಮರಳು ಇವನ್ನು ಬೇರೆ ಬೇರೆ ಪ್ರನಾಳಗಳಲ್ಲಿಟ್ಟು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ ಹಾಕಿ. ಚಿಪ್ಪಿನಿಂದ ಗುಳ್ಳೆಗಳು ಏಳುತ್ತವೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಇರುವುದರ ಗುರುತು. ತುಸು ಆಮ್ಲೀಯ ನೀರಿನಲ್ಲಿ ಅದು ಮೆಲ್ಲಗೆ ಕರಗಿ ನೀರಿನ ಗಡಸುತನವನ್ನೂ ಪಿಎಚ್ ಮೌಲ್ಯವನ್ನೂ ಏರಿಸುತ್ತದೆ. ಗುಳ್ಳೆಯೇಳದ ಮರಳನ್ನೇ ಚೆನ್ನಾಗಿ ತೊಳೆದು ಹಾಕಿ.

ಪಿಎಚ್ ಏರಿದರೆ ಏನಾಯಿತು? ಇಲ್ಲಿಯೇ ಅಕ್ವೇರಿಯಂನ ಮುಖ್ಯ ಪಾಠವಿದೆ. ಮೀನುಗಳು ಕಿವಿರಿನ ಮೂಲಕ ಅಮೋನಿಯವನ್ನು ವಿಸರ್ಜಿಸುತ್ತವೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ನೀರಿನಲ್ಲಿ ಅದು ಎರಡು ರೂಪಗಳಲ್ಲಿ ಇರುತ್ತದೆ: ಹೆಚ್ಚು ವಿಷಕಾರಿಯಾದ ಅಮೋನಿಯ ಮತ್ತು ಅಷ್ಟು ಅಪಾಯವಿಲ್ಲದ ಅಮೋನಿಯಂ ಅಯಾನು. ನೀರು 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದಾಗ ವಿಷಕಾರಿ ರೂಪದ ಪಾಲು ಶೇಕಡ 0.6ರಷ್ಟು. ಪಿಎಚ್ 8ಕ್ಕೆ ಏರಿದರೆ ಅದು ಶೇಕಡ 5ನ್ನು ದಾಟುತ್ತದೆ. ಸುಮಾರು ಒಂಬತ್ತು ಪಟ್ಟು! ಅಲಂಕಾರಕ್ಕೆ ಹಾಕಿದ ಒಂದು ಬೊಗಸೆ ಚಿಪ್ಪು ಮೀನನ್ನು ಕೊಲ್ಲುವ ದಾರಿ ಇದು.

ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಾಯಿಸುವ ಸೂಕ್ಷ್ಮಜೀವಿಗಳು ಮರಳು, ಗಿಡ, ಗಾಜು, ಸ್ಪಂಜಿನ ಮೇಲೆ ಬೆಳೆಯುತ್ತವೆ. ಈ ಎರಡು ಹಂತಗಳಿಗೆ ಎರಡು ಬೇರೆ ಬಗೆಯ ಬ್ಯಾಕ್ಟೀರಿಯಗಳೇ ಬೇಕು ಎಂದು ನಾವು ಬಹುಕಾಲ ಪಾಠ ಮಾಡುತ್ತಿದ್ದೆವು. ಎರಡೂ ಹಂತಗಳನ್ನು ಒಂಟಿಯಾಗಿ ಮಾಡಬಲ್ಲ ನೈಟ್ರೊಸ್ಪೈರ ಬ್ಯಾಕ್ಟೀರಿಯಗಳು ಇವೆಯೆಂದು 2015ರಲ್ಲಿ ಗೊತ್ತಾಯಿತು. ಅಮೋನಿಯವನ್ನು ಉತ್ಕರ್ಷಿಸುವ ಆರ್ಕಿಯ ಜೀವಿಗಳೂ ಅಕ್ವೇರಿಯಂಗಳಲ್ಲಿ ಹೇರಳವಾಗಿವೆ. ಯಾವುದೇ ಆಗಲಿ, ಈ ಸಮುದಾಯ ಬೆಳೆದು ನಿಲ್ಲಲು ಮೂರರಿಂದ ಆರು ವಾರ ಬೇಕು. ಹೊಸ ತೊಟ್ಟಿಗೆ ಮೊದಲ ದಿನವೇ ಹನ್ನೆರಡು ಮೀನು ಬಿಟ್ಟರೆ ಸಾಯುವುದು ಇದಕ್ಕೇ. ಮೊದಲು ಗಿಡ ನೆಟ್ಟು, ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದನ್ನು ಹಾಕಿ ಕೆಲವು ವಾರ ಕಾಯಿರಿ. ಆಮೇಲೆ ನಾಲ್ಕು, ಮತ್ತೆ ನಾಲ್ಕು ಎಂದು ಮೀನು ಬಿಡಿ. ವಾರಕ್ಕೊಮ್ಮೆ ಒಂದು ಬಕೆಟ್, ಅಂದರೆ 10 ಲೀಟರಿನಷ್ಟು ನೀರು ಬದಲಿಸಿ. ಎಲ್ಲ ನೀರನ್ನೂ ಚೆಲ್ಲಿ ತೊಟ್ಟಿಯನ್ನು ಸೋಪಿನಿಂದ ತಿಕ್ಕುವುದು ಸ್ವಚ್ಛತೆಯಲ್ಲ. ಸಾಕಿದ ಸೂಕ್ಷ್ಮಜೀವಿಗಳನ್ನೆಲ್ಲ ಕೊಂದಂತೆ.

ಮೀನು ತರುವುದು, ಉಣಿಸುವುದು

ಜೂನ್-ಜುಲೈ ಮಳೆಯಲ್ಲಿ ತೋಡಿಗೆ ಮಕ್ಕಳನ್ನು ಇಳಿಸಲೇಬೇಡಿ. ನೀರು ಇಳಿದ ಮೇಲೆ, ಅಕ್ಟೋಬರ್ ನಂತರ, ಜಮೀನಿನವರ ಒಪ್ಪಿಗೆ ಪಡೆದು ದೊಡ್ಡವರೇ ಕೈಬಲೆಯಿಂದ ಹಿಡಿಯಲಿ. ಕಾಲಿನಲ್ಲಿ ಗಾಯವಿದ್ದರೆ ನೀರಿಗೆ ಇಳಿಯಬಾರದು. ಇಲಿಜ್ವರ ನಮ್ಮ ಜಿಲ್ಲೆಯಲ್ಲಿ ಇರುವ ರೋಗವೇ. ದೊಡ್ಡ ಗುಂಪಿನಿಂದ ಹತ್ತು-ಹನ್ನೆರಡು ಸಾಕು. ಗುಂಪೇ ಚಿಕ್ಕದಾದರೆ ನೋಡಿ ಬನ್ನಿ, ಹಿಡಿಯಬೇಡಿ. ರಕ್ಷಿತಾರಣ್ಯದಿಂದ ಏನನ್ನೂ ತರುವಂತಿಲ್ಲ. ಯಾವ ಪ್ರಭೇದ ಎಂಬ ಅನುಮಾನ ಬಂದರೆ 1969ರಲ್ಲಿ ಆರಂಭವಾದ, ಮಂಗಳೂರಿನ ಎಕ್ಕೂರಿನಲ್ಲಿರುವ ಮೀನುಗಾರಿಕಾ ಕಾಲೇಜಿನವರನ್ನು ಕೇಳಬಹುದು. ತಂದ ಮೀನನ್ನು ಬೇರೆ ತೊಟ್ಟಿಯಲ್ಲಿ ಎರಡು-ಮೂರು ವಾರ ಇಟ್ಟು, ಮೈಮೇಲೆ ಬಿಳಿ ಚುಕ್ಕೆ ಅಥವಾ ಧೂಳಿನಂಥ ಹೊದಿಕೆ ಇಲ್ಲವೆಂದು ಖಚಿತವಾದ ಮೇಲೆ ಸೇರಿಸಿ. ಆಗಲೂ ಚೀಲದ ನೀರಿಗೆ ತೊಟ್ಟಿಯ ನೀರನ್ನು ಅರ್ಧ ಗಂಟೆ ಸ್ವಲ್ಪಸ್ವಲ್ಪವೇ ಬೆರೆಸಿ ಒಗ್ಗಿಸಿ.

ಆಹಾರವೂ ಮೇಲ್ಮೈಯಲ್ಲಿ ತೇಲಬೇಕು. ಮುಳುಗಿದ್ದನ್ನು ಕಿಲ್ಲಿ ಹುಡುಕಿಕೊಂಡು ಹೋಗುವುದು ಕಡಿಮೆ. ಅದು ತಳದಲ್ಲಿ ಕೊಳೆತು ಅಮೋನಿಯವಾಗುತ್ತದೆ. ಇರುವೆ, ಹಣ್ಣಿನ ನೊಣ, ನೀರುಚಿಗಟ, ಸೊಳ್ಳೆಮರಿ ಅಚ್ಚುಮೆಚ್ಚು. ಅಂಗಡಿಯ ತೇಲುವ ಚೂರುಗಳಿಗೂ ಮೆಲ್ಲಗೆ ಒಗ್ಗುತ್ತವೆ. ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಿ. ವಾರದ ರಜೆಯಲ್ಲಿ ಬೆಳೆದ ಮೀನು ಉಪವಾಸವಿದ್ದರೆ ತೊಂದರೆಯಿಲ್ಲ. ಬೇಸಿಗೆ ರಜೆಗೆ ಮಾತ್ರ ಯಾರು ನೋಡಿಕೊಳ್ಳುವವರು ಎಂಬುದನ್ನು ತೊಟ್ಟಿ ಕೊಳ್ಳುವ ಮೊದಲೇ ತೀರ್ಮಾನಿಸಿ. ಒಂದು ಎಚ್ಚರಿಕೆ: ಮೀನಿಗೆಂದು ಬಕೆಟ್ಟಿನಲ್ಲಿ ಸೊಳ್ಳೆಮರಿ ಸಾಕಬೇಡಿ. ಒಂದು ದಿನ ಮರೆತರೂ ಅವು ಹಾರುವ ಸೊಳ್ಳೆಗಳಾಗುತ್ತವೆ.

ಮೊಟ್ಟೆಯಿಂದ ಮರಿ

ಚೆನ್ನಾಗಿ ಉಣಿಸಿದ ಹೆಣ್ಣು ದಿನಕ್ಕೆ ಕೆಲವೇ ಮೊಟ್ಟೆಗಳನ್ನು, ಹಲವು ದಿನಗಳವರೆಗೆ ಇಡುತ್ತದೆ. ಮೊಟ್ಟೆಯ ಮೇಲಿನ ಅಂಟು ಎಳೆಗಳು ಬೇರಿಗೆ ಹಿಡಿದುಕೊಳ್ಳುತ್ತವೆ. ಬಣ್ಣ ಬಿಡದ ನೂಲಿನ ಜುಂಗನ್ನು ತೇಲಿಬಿಟ್ಟರೆ ಅದರಲ್ಲೂ ಇಡುತ್ತವೆ. ಸಾಸಿವೆಗಿಂತ ಚಿಕ್ಕದಾದ, ಗಾಜಿನಂತೆ ಪಾರದರ್ಶಕವಾದ ಮೊಟ್ಟೆಗಳನ್ನು ಬಿಡಿಸಿ ತೆಗೆದು ಬೇರೆ ಬಟ್ಟಲಿನಲ್ಲಿಡಿ. ಇಲ್ಲದಿದ್ದರೆ ದೊಡ್ಡ ಮೀನುಗಳು ಮರಿಗಳನ್ನು ಉಳಿಸುವುದಿಲ್ಲ. ಸುಮಾರು ಎರಡು ವಾರದಲ್ಲಿ ಮರಿ ಹೊರಬರುತ್ತದೆ. ಅಷ್ಟರೊಳಗೆ ಶಾಲೆಯ ಸೂಕ್ಷ್ಮದರ್ಶಕದಲ್ಲಿ ದಿನಕ್ಕೊಮ್ಮೆ ನೋಡಿ: ಕಣ್ಣಿನ ಕಪ್ಪು, ಮಿಡಿಯುವ ಹೃದಯ, ಹರಿಯುವ ರಕ್ತ ಕಾಣುತ್ತವೆ. ಯಾವ ಜೀವವನ್ನೂ ಕೊಯ್ಯದೆ ಭ್ರೂಣಶಾಸ್ತ್ರದ ಪಾಠ! ಮರಿಗಳಿಗೆ ಮೊದಲ ದಿನಗಳಲ್ಲಿ ಬೈಹುಲ್ಲು ನೆನೆಸಿದ ನೀರಿನಲ್ಲಿ ಬೆಳೆದ ಏಕಕೋಶಜೀವಿಗಳು, ಆಮೇಲೆ ಆರ್ಟೀಮಿಯ ಮರಿಗಳು ಆಹಾರ.

ಎರಡು ಪ್ರಯೋಗಗಳು

ಒಂದು: ಮೇಲಿನಿಂದ ಮೊಬೈಲಿನಲ್ಲಿ ಚಿತ್ರ ತೆಗೆದು, ಪ್ರತಿ ಮೀನಿಗೂ ಅದರ ಅತಿ ಹತ್ತಿರದ ಮೀನಿಗೂ ಇರುವ ದೂರವನ್ನು ಅಳೆದು ಸರಾಸರಿ ತೆಗೆಯಿರಿ. ಆಮೇಲೆ ತೊಟ್ಟಿಯ ಮೇಲೆ ರಟ್ಟಿನ ನೆರಳನ್ನು ಒಮ್ಮೆ ಹಾಯಿಸಿ ಮತ್ತೆ ಚಿತ್ರ ತೆಗೆಯಿರಿ. ಸರಾಸರಿ ಏನಾಯಿತು? ಎಷ್ಟು ಹೊತ್ತಿಗೆ ಮೊದಲಿನಂತಾಯಿತು? ದಿನಕ್ಕೆ ಒಂದೇ ಬಾರಿ ಮಾಡಿ. ಪದೇಪದೇ ಮಾಡಿದರೆ ಮೀನಿಗೂ ಹಿಂಸೆ, ಅದು ನೆರಳಿಗೆ ಒಗ್ಗಿಬಿಡುವುದರಿಂದ ಅಂಕಿಗಳೂ ಕೆಡುತ್ತವೆ.

ಎರಡು: ಎರಡು ಜಾಡಿಗಳಲ್ಲಿ ಲೆಕ್ಕ ಮಾಡಿದ 30 ಸೊಳ್ಳೆಮರಿಗಳನ್ನು ಹಾಕಿ. ಒಂದರಲ್ಲಿ ಕಿಲ್ಲಿ ಇರಲಿ, ಇನ್ನೊಂದರಲ್ಲಿ ಮೀನು ಬೇಡ. ಗಂಟೆಗೊಮ್ಮೆ ಎಣಿಸಿ. ಮೀನಿಲ್ಲದ ಜಾಡಿ ಏಕೆ ಬೇಕು ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳೇ ಉತ್ತರಿಸಲಿ. ಮುಗಿದ ಕೂಡಲೇ ಉಳಿದ ಮರಿಗಳನ್ನು ಮೀನಿಗೆ ಹಾಕಿಬಿಡಿ.

ತೋಡಿಗೆ ಬಿಡಬೇಡಿ

ಎರಡನೆಯ ಪ್ರಯೋಗ ಮಾಡಿದವರಿಗೆ ಒಂದು ಯೋಚನೆ ಬರುವುದು ಸಹಜ: ಇಷ್ಟು ಸೊಳ್ಳೆಮರಿ ತಿನ್ನುವ ಮೀನನ್ನು ಎಲ್ಲ ಕಡೆ ಬಿಟ್ಟರೆ ಮಲೇರಿಯ ಹೋಗುವುದಿಲ್ಲವೆ?

1990ರ ದಶಕದಿಂದ ಮಲೇರಿಯ ಮಂಗಳೂರನ್ನು ಬಹಳ ಕಾಡಿತು. ಈಚಿನ ವರ್ಷಗಳಲ್ಲಿ ಪ್ರಕರಣಗಳು ಸಾಕಷ್ಟು ಇಳಿದಿವೆ. ಮೀನನ್ನು ಬಳಸುವ ಯೋಚನೆ ಹಳೆಯದು. ಅಮೆರಿಕ ಮೂಲದ ಗ್ಯಾಂಬೂಸಿಯ 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂತು. ದಕ್ಷಿಣ ಅಮೆರಿಕದ ಗಪ್ಪಿ ಅದಕ್ಕೂ ಮೊದಲೇ ಬಂದಿತ್ತು. ಇವೆರಡೂ ಕಿಲ್ಲಿಯ ವರ್ಗಕ್ಕೇ ಸೇರಿದ ದೂರದ ನೆಂಟರು. ಮೊಟ್ಟೆಯ ಬದಲು ಮರಿ ಹಾಕುವುದರಿಂದ ಬೇಗ ಹೆಚ್ಚುತ್ತವೆ. ಗ್ಯಾಂಬೂಸಿಯ ಇತರ ಮೀನುಗಳ ಮೊಟ್ಟೆ-ಮರಿಗಳನ್ನೂ ತಿನ್ನುತ್ತದೆ, ರೆಕ್ಕೆಗಳನ್ನು ಕಚ್ಚಿ ಹರಿಯುತ್ತದೆ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಕರ್ನಾಟಕದ ಕೆಲವು ಒಳನಾಡಿನ ಹಳ್ಳಿಗಳಲ್ಲಿ ಬಾವಿಗೆ ಗಪ್ಪಿ ಬಿಟ್ಟಾಗ ಅಲ್ಲಿನ ಅನಾಫಿಲಿಸ್ ಸೊಳ್ಳೆಗಳು ಕಡಿಮೆಯಾದುದನ್ನು ಸಂಶೋಧಕರು ದಾಖಲಿಸಿದ್ದಾರೆ. ಆದರೆ ಜಗತ್ತಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆ (2013, ಪರಿಷ್ಕೃತ 2017), ಮೀನು ಬಿಡುವುದರಿಂದ ಜನರಲ್ಲಿ ಮಲೇರಿಯ ಕಡಿಮೆಯಾಗುತ್ತದೆ ಎನ್ನಲು ತಕ್ಕ ಪುರಾವೆ ಸಿಗಲಿಲ್ಲ ಎಂದಿತು. ಜಾಡಿಯಲ್ಲಿ ಸೊಳ್ಳೆಮರಿ ತಿನ್ನುವುದು ಬೇರೆ, ಊರಿನಲ್ಲಿ ರೋಗ ತಗ್ಗುವುದು ಬೇರೆ. ನಗರದ ಮಲೇರಿಯ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮೊಟ್ಟೆಯಿಡುವುದು ಮುಚ್ಚದ ಓವರ್‌ಹೆಡ್ ಟ್ಯಾಂಕು, ಕಟ್ಟಡ ಕೆಲಸದ ಜಾಗದಲ್ಲಿ ನಿಂತ ನೀರು ಇಂತಹ ಕಡೆ. ನಾಲ್ಕು ದಿನ ಇದ್ದು ಒಣಗುವ ಆ ನೀರಿನಲ್ಲಿ ಮೀನು ಬಾಳುವಂತಿಲ್ಲ. ಅಲ್ಲಿ ಬೇಕಾದುದು ಮುಚ್ಚಳ, ಪೊರಕೆ, ಎಚ್ಚರ.

ತೋಡು-ಕೆರೆಗಳಲ್ಲಾದರೋ ಸೊಳ್ಳೆಮರಿ ತಿನ್ನುವ ಮೀನು ಆಗಲೇ ಇದೆ. ಅದೇ ನಮ್ಮ ಕಿಲ್ಲಿ. ಅದಿರುವ ನೀರಿಗೆ ಹೊರಗಿನ ಮೀನನ್ನು ಬಿಟ್ಟರೆ ಲಾಭ ಅನುಮಾನ, ನಷ್ಟ ಮಾತ್ರ ಸಾಧ್ಯ. ಆದ್ದರಿಂದ ಅಕ್ವೇರಿಯಂನ ಗಪ್ಪಿಯನ್ನಾಗಲಿ, ಗೋಲ್ಡನ್ ವಂಡರ್ ತಳಿಯನ್ನಾಗಲಿ ತೋಡಿಗೆ ಬಿಡಬೇಡಿ. ಸಾಕಿದ ಕಿರುಕಿಲ್ಲಿಯನ್ನೂ ಮರಳಿ ಬಿಡಬೇಡಿ. ತೊಟ್ಟಿಯ ರೋಗಾಣುಗಳು ಅದರ ಜೊತೆ ಹೋಗಬಹುದು. ಹೆಚ್ಚಾದ ಮರಿಗಳನ್ನು ಇನ್ನೊಂದು ಶಾಲೆಗೆ ಕೊಡಿ. ಬದಲಿಸಿದ ನೀರನ್ನು ಗಿಡದ ಬುಡಕ್ಕೆ ಸುರಿಯಿರಿ. ನೈಟ್ರೇಟ್ ಗಿಡಕ್ಕೆ ಗೊಬ್ಬರ.

ಕಿಲ್ಲಿಗೆ ನಿಜವಾಗಿ ಬೇಕಾದುದು ಹರಿಯುವ ತೋಡು, ನೀರು ನಿಲ್ಲುವ ಬೈಲು, ಮುಚ್ಚದ ಕೆರೆ. ಮಂಗಳೂರಿನ ಸುತ್ತ ಬೈಲುಗಳ ಮೇಲೆ ಮಣ್ಣು ಬಿದ್ದು ನಿವೇಶನಗಳಾಗಿವೆ, ತೋಡುಗಳು ಕಾಂಕ್ರೀಟಿನ ಚರಂಡಿಗಳಾಗಿವೆ. ನಿಮ್ಮ ಶಾಲೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ತೋಡು-ಕೆರೆಗಳ ಪಟ್ಟಿ ಮಾಡಿ. ವರ್ಷಕ್ಕೊಮ್ಮೆ, ನವೆಂಬರ್ ತಿಂಗಳಲ್ಲಿ, ದಡದಲ್ಲಿ ನಿಂತು ಹತ್ತು ನಿಮಿಷ ಬೆಳ್ಳಿ ಬೊಟ್ಟುಗಳನ್ನು ಎಣಿಸಿ. ಸ್ಥಳ, ದಿನಾಂಕ, ಸಂಖ್ಯೆ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದು ಶಾಲೆಯಲ್ಲೇ ಇಡಿ. ಸೊನ್ನೆ ಬಂದ ವರ್ಷ ಸೊನ್ನೆಯನ್ನೂ ಬರೆಯಿರಿ. ಹತ್ತು ವರ್ಷದ ಬಳಿಕ ಆ ಪುಸ್ತಕ ನಿಮ್ಮ ಊರಿನ ನೀರಿನ ಬಗ್ಗೆ ಬೇರೆ ಯಾರೂ ಹೇಳಲಾರದ್ದನ್ನು ಹೇಳುತ್ತದೆ.